ಬಗ್ ಸರಿ ಮಾಡಿದ್ದು ಯಾರು, ಹೆಸರು ಯಾರದ್ದು?

ನಿಮ್ಮ ಫೋನಿನಲ್ಲಿ ಒಂದು ಆ್ಯಪ್ ಅಪ್‌ಡೇಟ್ ಆಗುತ್ತೆ. ‘ಹೊಸದೇನು’ ಅನ್ನುವ ಕಡೆ ನೋಡಿದರೆ ಒಂದೇ ಸಾಲು: ‘ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ’. ಸರಿಪಡಿಸಲಾಗಿದೆ, ಸಂತೋಷ. ಆದರೆ ಸರಿಪಡಿಸಿದ್ದು ಯಾರು? ಶಾಲೆಯಲ್ಲಿ ಕರ್ಮಣಿ ಪ್ರಯೋಗ ಅಂತ ಓದಿದ್ದೆವಲ್ಲ, ಅದರ ದೊಡ್ಡ ಅನುಕೂಲವೇ ಇದು. ಮಾಡಿದವರ ಹೆಸರು ಹೇಳದೆಯೇ ವಾಕ್ಯ ಮುಗಿಸಬಹುದು.

ನಾನು 12 ವರ್ಷದಿಂದ ಬೆಂಗಳೂರಿನಲ್ಲಿ ಕೋಡ್ ಬರೆಯುವ ಕೆಲಸದಲ್ಲಿದ್ದೀನಿ. ಆ ಒಂದು ಸಾಲಿನ ಹಿಂದೆ ಎಷ್ಟು ಜನ ಇರ್ತಾರೆ ಅನ್ನೋದು ಹೊರಗಿನವರಿಗೆ ಗೊತ್ತಾಗಲ್ಲ, ಎಷ್ಟೋ ಸಲ ಒಳಗಿನವರಿಗೂ ಗೊತ್ತಾಗಲ್ಲ. ತೊಂದರೆ ಇದೆ ಅಂತ ಮೊದಲು ಹೇಳಿದವರು ಒಬ್ಬರು. ಅದನ್ನು ತಮ್ಮ ಮಷೀನಿನಲ್ಲಿ ಮತ್ತೆ ಮಾಡಿ ನೋಡಿ ‘ಹೌದು, ಇದೆ’ ಅಂದವರು ಇನ್ನೊಬ್ಬರು. ಆಮೇಲೆ ಕಾರಣ ಹುಡುಕಿದವರು, ಕೋಡ್ ಬರೆದವರು, ರಿವ್ಯೂ ಮಾಡಿದವರು, ಟೆಸ್ಟ್ ಮಾಡಿದವರು, ಮರ್ಜ್ ಮಾಡಿದವರು, ಕೊನೆಗೆ ಟಿಕೆಟ್ ಮುಚ್ಚಿದವರು. ಚಿಕ್ಕ ಟೀಮಿನಲ್ಲಿ ಇವರೆಲ್ಲ ಸೇರಿ ಇಬ್ಬರೋ ಮೂವರೋ ಆಗಿರಬಹುದು. ದೊಡ್ಡ ಕಂಪನಿಯಲ್ಲಿ ಎಂಟೂ ಕೆಲಸಕ್ಕೆ ಎಂಟು ಜನ, ಅದೂ ಬೇರೆ ಬೇರೆ ಊರುಗಳಲ್ಲಿ.

ಅಪ್ರೈಸಲ್ ಸಮಯ ಬಂದಾಗ ಮಾತ್ರ ಈ ಎಂಟರಲ್ಲಿ ಒಂದೇ ಹೆಸರು ಲೆಕ್ಕಕ್ಕೆ ಸಿಗುತ್ತೆ. ನಾನು ನೋಡಿದ ಹೆಚ್ಚಿನ ಕಡೆ ಅದು ಎಂಟನೆಯದು.

ನಾಲ್ಕು ರಾತ್ರಿ, 11 ಸಾಲು

ನಾನು ಹಿಂದೆ ಇದ್ದ ಕಂಪನಿಯೊಂದರಲ್ಲಿ ನಡೆದದ್ದು ಹೇಳ್ತೀನಿ. ನಮ್ಮದು ಪೇಮೆಂಟ್ ಟೀಮ್. ಕೆಲವು ಗ್ರಾಹಕರಿಗೆ ಒಂದೇ ಆರ್ಡರಿಗೆ ಎರಡೆರಡು ಸಲ ದುಡ್ಡು ಕಟ್ ಆಗ್ತಿತ್ತು. ದಿನಕ್ಕೆ ಒಂದೋ ಎರಡೋ ದೂರು. ಎಲ್ಲರಿಗೂ ಆಗಲ್ಲ, ನಾವು ಟೆಸ್ಟ್ ಮಾಡುವಾಗಂತೂ ಆಗಲ್ಲ. ಇಂಥ ಬಗ್‌ಗಳೇ ಜೀವ ತಿನ್ನೋದು. ಆಗಷ್ಟೇ ಟೀಮಿಗೆ ಸೇರಿದ್ದ ಹಾಸನದ ಕಡೆಯ ಹುಡುಗಿಯೊಬ್ಬಳಿಗೆ ‘ಸ್ವಲ್ಪ ಲಾಗ್ ನೋಡ್ತಿರಮ್ಮ’ ಅಂತ ಕೊಟ್ಟಿದ್ದರು.

ಅವಳು ನಾಲ್ಕು ರಾತ್ರಿ ಕೂತು ಲಾಗ್‌ಗಳನ್ನು ಸಾಲು ಸಾಲಾಗಿ ಓದಿದಳು. ಹಿಡಿದೂಬಿಟ್ಟಳು. ಬ್ಯಾಂಕಿನ ಕಡೆಯಿಂದ ಉತ್ತರ ಬರುವುದು ತಡವಾದರೆ ನಮ್ಮ ಕೋಡ್ ಮತ್ತೊಮ್ಮೆ ಪ್ರಯತ್ನಿಸುತ್ತಿತ್ತು. ಹಾಗೆ ಪ್ರಯತ್ನಿಸುವಾಗಲೆಲ್ಲ ಹೊಸದೊಂದು ರಿಕ್ವೆಸ್ಟ್ ಐಡಿ ಹುಟ್ಟುತ್ತಿತ್ತು. ಐಡಿ ಬೇರೆ ಆದ ಕಾರಣ ಬ್ಯಾಂಕಿಗೆ ಅದು ಹೊಸ ವ್ಯವಹಾರದ ಹಾಗೇ ಕಾಣುತ್ತಿತ್ತು. ಐಡಿಯನ್ನು ಮೊದಲ ಪ್ರಯತ್ನಕ್ಕೂ ಮುಂಚೆ ಒಂದೇ ಸಲ ಹುಟ್ಟಿಸಿ, ಆಮೇಲಿನ ಎಲ್ಲ ಪ್ರಯತ್ನಕ್ಕೂ ಅದನ್ನೇ ಬಳಸಿದರೆ ತೊಂದರೆ ಇಲ್ಲ. ಅವಳು ಬರೆದ ತಿದ್ದುಪಡಿ ಒಟ್ಟು 11 ಸಾಲು.

ಆವತ್ತೇ ರಾತ್ರಿ ಹಾಟ್‌ಫಿಕ್ಸ್ ಹೋಗಬೇಕಿತ್ತು. ಪ್ರೊಡಕ್ಷನ್‌ಗೆ ಕಳಿಸುವ ಅನುಮತಿ ಅವಳಿಗಿರಲಿಲ್ಲ. ನಮ್ಮ ಲೀಡ್ ಅವಳ ಬ್ರಾಂಚಿನಲ್ಲಿದ್ದ ಏಳು ಕಮಿಟ್‌ಗಳನ್ನು ಸ್ಕ್ವಾಷ್ ಮಾಡಿ, ಅಂದರೆ ಏಳನ್ನೂ ಸೇರಿಸಿ ಒಂದೇ ಕಮಿಟ್ ಮಾಡಿ, ತಮ್ಮ ಮಷೀನಿನಿಂದ ಕಳಿಸಿದರು. ಆ ಹೊಸ ಕಮಿಟ್ ಮಾಡಿದ್ದು ಅವರಾದ್ದರಿಂದ ಗಿಟ್ ಅವರ ಹೆಸರನ್ನೇ ಲೇಖಕರ ಜಾಗದಲ್ಲಿ ಬರೆದುಕೊಂಡಿತು. ಬೆಳಗ್ಗೆ ಬಂದು ಟಿಕೆಟ್ ಮುಚ್ಚಿದ್ದು ರಿಲೀಸ್ ಮ್ಯಾನೇಜರ್. ಇದರಲ್ಲಿ ಯಾರದ್ದೂ ಕೆಟ್ಟ ಮನಸ್ಸಿಲ್ಲ. ಮಾರನೇ ದಿನದ ಮೀಟಿಂಗಿನಲ್ಲಿ ಲೀಡ್ ಅವಳ ಹೆಸರು ಹೇಳಿ ಹೊಗಳಿದ್ದೂ ಉಂಟು. ಆದರೆ ಬಾಯಲ್ಲಿ ಹೇಳಿದ್ದು ಗಾಳಿಗೆ ಹೋಯ್ತು. ಸಿಸ್ಟಮ್‌ನಲ್ಲಿ ಉಳಿದದ್ದು ಬೇರೆ ಎರಡು ಹೆಸರು.

ಎಂಟು ತಿಂಗಳ ನಂತರ ಅಪ್ರೈಸಲ್ ಬಂತು. ಯಾರು ಎಷ್ಟು ಟಿಕೆಟ್ ಪರಿಹರಿಸಿದ್ದಾರೆ ಅಂತ ಟಿಕೆಟ್ ಟೂಲಿನಿಂದ ಒಂದು ಪಟ್ಟಿ ತೆಗೆದರು. ಅವಳ ಹೆಸರಿನ ಮುಂದೆ ಸಣ್ಣಪುಟ್ಟ ಕೆಲಸಗಳಷ್ಟೇ ಇದ್ದವು. ರೇಟಿಂಗ್ ಸಾಧಾರಣ, ಹೈಕ್ ಅದಕ್ಕೆ ತಕ್ಕಷ್ಟು. ಜಗಳ ಆಡುವ ಸ್ವಭಾವ ಅವಳದ್ದಲ್ಲ. ಕ್ಯಾಂಟೀನಿನಲ್ಲಿ ಕಾಫಿ ಕುಡೀತಾ ನನ್ನ ಹತ್ತಿರ ಇಷ್ಟೇ ಹೇಳಿದಳು: “ಅಕ್ಕಾ, ದುಡ್ಡು ಹೋಗ್ಲಿ ಬಿಡಿ. ಊರಿಗೆ ಹೋದಾಗ ಅಪ್ಪ ಕೇಳ್ತಾರೆ, ವರ್ಷ ಪೂರ್ತಿ ರಾತ್ರಿ ನಿದ್ದೆ ಕೆಟ್ಟು ಏನಮ್ಮ ಮಾಡ್ದೆ ಅಂತ. ಅವರಿಗೆ ಏನು ತೋರಿಸ್ಲಿ?”

ಗಿಟ್ ಏನು ಬರೆದಿಟ್ಟುಕೊಳ್ಳುತ್ತೆ?

ಈ ಕ್ಷೇತ್ರದಲ್ಲಿ ಇಲ್ಲದವರಿಗೆ ಒಂದು ಮಾತು. ಇವತ್ತು ಜಗತ್ತಿನ ಬಹುಪಾಲು ಸಾಫ್ಟ್‌ವೇರ್ ಟೀಮುಗಳು ಕೋಡಿನ ಚರಿತ್ರೆಯನ್ನು ಇಡುವುದು ‘ಗಿಟ್’ ಅನ್ನುವ ವ್ಯವಸ್ಥೆಯಲ್ಲಿ. 2005ರ ಏಪ್ರಿಲ್‌ನಲ್ಲಿ ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅದನ್ನು ಶುರು ಮಾಡಿದರು. ಅಲ್ಲಿಯವರೆಗೆ ಲಿನಕ್ಸ್‌ನವರು ಬಳಸುತ್ತಿದ್ದ ‘ಬಿಟ್‌ಕೀಪರ್’ ಎಂಬ ತಂತ್ರಾಂಶದ ಉಚಿತ ಪರವಾನಗಿ ಕೈತಪ್ಪಿದ್ದೇ ಅದಕ್ಕೆ ಕಾರಣ.

ಗಿಟ್‌ನಲ್ಲಿ ಪ್ರತಿ ಬದಲಾವಣೆಯೂ ಒಂದು ಕಮಿಟ್. ಪ್ರತಿ ಕಮಿಟ್‌ನಲ್ಲೂ ಎರಡು ಹೆಸರು ಇರುತ್ತೆ ಅನ್ನೋದು ದಿನಾ ಗಿಟ್ ಬಳಸುವ ಎಷ್ಟೋ ಜನರಿಗೇ ಗೊತ್ತಿಲ್ಲ. ಒಂದು ‘ಆಥರ್’, ಅಂದರೆ ಬರೆದವರು. ಇನ್ನೊಂದು ‘ಕಮಿಟರ್’, ಅಂದರೆ ಅದನ್ನು ಕೋಡಿನ ಕಣಜಕ್ಕೆ ಸೇರಿಸಿದವರು. ಲಿನಕ್ಸ್‌ನಲ್ಲಿ ಯಾವುದೋ ದೇಶದ ಯಾರೋ ಒಬ್ಬರು ಇಮೇಲಿನಲ್ಲಿ ತಿದ್ದುಪಡಿ ಕಳಿಸ್ತಾರೆ, ಆ ಭಾಗದ ಉಸ್ತುವಾರಿ ನೋಡುವವರು ಅದನ್ನು ಸೇರಿಸ್ತಾರೆ. ಸೇರಿಸಿದವರೇ ಬರೆದವರು ಅಂತ ಆಗಬಾರದು ಅನ್ನುವ ಎಚ್ಚರ ಗಿಟ್ ಹುಟ್ಟಿದಾಗಿನಿಂದಲೇ ಇದೆ.

ಹಾಗಾದರೆ ನಮ್ಮ ಹುಡುಗಿಯ ಹೆಸರು ಹೋದದ್ದು ಹೇಗೆ? ಒಂದು ಕಮಿಟನ್ನು ‘ಚೆರಿ-ಪಿಕ್’ ಮಾಡಿ ಇನ್ನೊಂದು ಬ್ರಾಂಚಿಗೆ ತಂದರೆ ಮೂಲ ಲೇಖಕರ ಹೆಸರು ಜೊತೆಗೇ ಬರುತ್ತೆ. ತಂದವರು ಕಮಿಟರ್ ಆಗ್ತಾರೆ, ಅಷ್ಟೇ. ಆದರೆ ‘ಮರ್ಜ್ ಸ್ಕ್ವಾಷ್’ ಮಾಡಿದರೆ ಗಿಟ್ ಬದಲಾವಣೆಗಳನ್ನು ಮಾತ್ರ ತಂದು ಮುಂದೆ ಇಡುತ್ತೆ. ಅದನ್ನು ಯಾರು ಕಮಿಟ್ ಮಾಡ್ತಾರೋ ಅವರೇ ಲೇಖಕರು. ಒಂದು ಆಜ್ಞೆಯ ಬದಲು ಇನ್ನೊಂದು, ಅದೂ ರಾತ್ರಿ ಒಂದು ಗಂಟೆಯ ಅವಸರದಲ್ಲಿ.

ಜಾಡು ಹಿಡಿದದ್ದು

ಮಾರನೇ ದಿನ ಊಟದ ಹೊತ್ತಿನಲ್ಲಿ ನಾವಿಬ್ಬರೂ ಕೂತೆವು. ಮೊದಲು ‘ಗಿಟ್ ಬ್ಲೇಮ್’ ಓಡಿಸಿದೆ. ಒಂದು ಫೈಲಿನ ಪ್ರತಿ ಸಾಲನ್ನೂ ಕೊನೆಯದಾಗಿ ಮುಟ್ಟಿದವರು ಯಾರು, ಯಾವಾಗ ಅಂತ ಅದು ತೋರಿಸುತ್ತೆ. 11 ಸಾಲಿಗೂ ಲೀಡ್ ಹೆಸರು. ಆಮೇಲೆ ‘ಗಿಟ್ ಲಾಗ್’ಗೆ ‘ಎಸ್’ ಅನ್ನುವ ಆಯ್ಕೆ ಕೊಟ್ಟು, ಆ ಐಡಿಯ ವೇರಿಯಬಲ್ ಹೆಸರನ್ನು ಹುಡುಕಿದೆ. ಒಂದು ಪದ ಕೋಡಿನೊಳಗೆ ಬಂದದ್ದು ಅಥವಾ ಹೋದದ್ದು ಯಾವ ಕಮಿಟ್‌ನಲ್ಲಿ ಅಂತ ಇದರಿಂದ ಸಿಗುತ್ತೆ. ಅಲ್ಲೂ ಒಂದೇ ಕಮಿಟ್, ಅದೇ ಹೆಸರು. ಬ್ರಾಂಚ್ ಯಾವತ್ತೋ ಅಳಿಸಿ ಹೋಗಿತ್ತು.

ಉಳಿದಿದ್ದು ಅವಳು ಆವತ್ತು ತೆರೆದಿದ್ದ ಪುಲ್ ರಿಕ್ವೆಸ್ಟ್. ಮರ್ಜ್ ಆಗದೆ ಮುಚ್ಚಿದ್ದರೂ ಸರ್ವರ್‌ನಲ್ಲಿ ಅದು ಹಾಗೇ ಇತ್ತು. ಏಳೂ ಕಮಿಟ್, ಅವಳ ಹೆಸರು, ದಿನಾಂಕ, ಗಂಟೆ ಎಲ್ಲ ಇತ್ತು. ಮೊದಲ ಕಮಿಟ್‌ನ ಸಂದೇಶದಲ್ಲೇ ಕಾರಣ ಏನು ಅಂತ ಆರು ಸಾಲು ಬರೆದಿದ್ದಳು. ಆ ಲಿಂಕುಗಳನ್ನೆಲ್ಲ ಸೇರಿಸಿ ಅವಳೇ ಮ್ಯಾನೇಜರ್‌ಗೆ ಮೇಲ್ ಹಾಕಿದಳು. ನನ್ನನ್ನು ಮತ್ತು ಲೀಡ್ ಅವರನ್ನು ಸಿಸಿಯಲ್ಲಿಟ್ಟಳು. ಅರ್ಧ ಗಂಟೆಯೊಳಗೆ ಲೀಡ್ ‘ಹೌದು, ಇದು ಪೂರ್ತಿ ಇವರ ಕೆಲಸ’ ಅಂತ ಉತ್ತರಿಸಿದರು.

ಆ ವರ್ಷದ ರೇಟಿಂಗ್ ಬದಲಾಗಲಿಲ್ಲ. ಲಾಕ್ ಆಗಿದೆ ಅಂತ ಎಚ್‌ಆರ್‌ನವರು ಕೈ ಚೆಲ್ಲಿದರು. ಮುಂದಿನ ಸಲ ಪ್ರಮೋಷನ್ ಪಟ್ಟಿಯಲ್ಲಿ ಅವಳ ಹೆಸರು ಬಂತು. ಅಷ್ಟು ಹೊತ್ತಿಗೆ ಅವಳು ಬೇರೆ ಕಂಪನಿಯ ಆಫರ್ ಒಪ್ಪಿಕೊಂಡಿದ್ದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ಇದು ಬರೀ ಒಬ್ಬರ ಹೈಕ್ ಪ್ರಶ್ನೆ ಆಗ್ತಿತ್ತು. ಅವಳು ಹೋದ ಎರಡು ತಿಂಗಳಿಗೆ ಬ್ಯಾಂಕಿನವರು ತಮ್ಮ ನಿಯಮ ಬದಲಿಸಿದರು, ಅದೇ ಜಾಗದಲ್ಲಿ ಪೇಮೆಂಟ್‌ಗಳು ನಿಂತವು. ರಾತ್ರಿ ಡ್ಯೂಟಿಯಲ್ಲಿದ್ದವರು ಬ್ಲೇಮ್ ನೋಡಿ ಲೀಡ್‌ಗೆ ಫೋನ್ ಮಾಡಿದರು. ಅವರು ಎದ್ದು ಕೂತು ಆ 11 ಸಾಲನ್ನು ಮತ್ತೆ ಮತ್ತೆ ಓದಿದರು. ಐಡಿಯನ್ನು ಅಷ್ಟು ಮುಂಚೆ ಯಾಕೆ ಹುಟ್ಟಿಸಿದೆ, ಅದನ್ನು ಎಷ್ಟು ಹೊತ್ತು ಇಟ್ಟುಕೊಂಡಿರಬೇಕು ಅನ್ನೋದು ಅವರಿಗೆ ಗೊತ್ತಿರಲಿಲ್ಲ. ಅವರು ಬರೆದಿದ್ದರೆ ತಾನೇ ಗೊತ್ತಿರೋದು? ಕೊನೆಗೆ ಬೆಳಗ್ಗೆ ಏಳಕ್ಕೆ ಅವಳಿಗೇ ಫೋನ್ ಹೋಯ್ತು. ಹತ್ತು ನಿಮಿಷದಲ್ಲಿ ಹೇಳಿ ಮುಗಿಸಿದಳು. ರಾತ್ರಿಯೇ ಸರಿಯಾದ ಹೆಸರು ಸಿಕ್ಕಿದ್ದರೆ ಐದು ಗಂಟೆ ಉಳಿಯುತ್ತಿತ್ತು.

ಬರೆದವರ ಹೆಸರು ಇಡುವುದು ಮರ್ಯಾದೆಗಾಗಿ ಮಾತ್ರ ಅಲ್ಲ. ‘ಇದನ್ನು ಯಾರನ್ನು ಕೇಳಬೇಕು’ ಅನ್ನುವ ಪ್ರಶ್ನೆಗೆ ಉತ್ತರವೂ ಅದೇ ಹೆಸರು.

ಲಿನಕ್ಸ್‌ನವರ ಲೆಕ್ಕಪತ್ರ

ಇದನ್ನು ತುಂಬ ಶಿಸ್ತಿನಿಂದ ಮಾಡುವವರು ಅಂದರೆ ಲಿನಕ್ಸ್ ಕರ್ನಲ್‌ನವರು. ಅದರ ಹಿಂದೆ ಒಂದು ಕೋರ್ಟ್ ಕೇಸ್ ಇದೆ. 2003ರಲ್ಲಿ ಅಮೆರಿಕದ ಎಸ್‌ಸಿಒ ಎಂಬ ಕಂಪನಿ ಐಬಿಎಂ ಮೇಲೆ ದಾವೆ ಹೂಡಿತು. ಯೂನಿಕ್ಸ್‌ಗೆ ಸೇರಿದ ಕೋಡನ್ನು ಲಿನಕ್ಸ್‌ಗೆ ಸೇರಿಸಿದ್ದಾರೆ ಅನ್ನೋದು ಆರೋಪ. ಆಗ ಎದ್ದ ಪ್ರಶ್ನೆ: ಲಿನಕ್ಸ್‌ನ ಯಾವ ಸಾಲು ಯಾರಿಂದ ಬಂತು, ಯಾರ ಕೈ ದಾಟಿ ಬಂತು ಅಂತ ತೋರಿಸೋಕೆ ಆಗುತ್ತಾ? 2004ರಲ್ಲಿ ಟೊರ್ವಾಲ್ಡ್ಸ್ ಒಂದು ನಿಯಮ ತಂದರು. ತಿದ್ದುಪಡಿ ಕಳಿಸುವವರು ಕೊನೆಯಲ್ಲಿ ‘ಸೈನ್ಡ್-ಆಫ್-ಬೈ’ ಅಂತ ತಮ್ಮ ಹೆಸರು, ಇಮೇಲ್ ಹಾಕಬೇಕು. ‘ಇದನ್ನು ಇಲ್ಲಿ ಕೊಡುವ ಹಕ್ಕು ನನಗಿದೆ’ ಅನ್ನುವ ಘೋಷಣೆ ಅದು. ತಿದ್ದುಪಡಿ ಮುಂದೆ ಯಾರ ಕೈ ಸೇರಿ ದಾಟುತ್ತೋ ಅವರೂ ಕೆಳಗೆ ತಮ್ಮ ಹೆಸರು ಸೇರಿಸ್ತಾರೆ. ಕಚೇರಿ ಕಡತದ ಮೇಲೆ ಒಬ್ಬೊಬ್ಬರೂ ಸಹಿ ಹಾಕಿ ಮೇಲಕ್ಕೆ ಕಳಿಸುವ ಹಾಗೆ.

ಸಹಿಯ ಜೊತೆಗೆ ಬೇರೆ ಸಾಲುಗಳೂ ಇವೆ. ತೊಂದರೆ ವರದಿ ಮಾಡಿದವರಿಗೆ ‘ರಿಪೋರ್ಟೆಡ್-ಬೈ’, ಉಪಾಯ ಹೇಳಿಕೊಟ್ಟವರಿಗೆ ‘ಸಜೆಸ್ಟೆಡ್-ಬೈ’, ಪರೀಕ್ಷೆ ಮಾಡಿದವರಿಗೆ ‘ಟೆಸ್ಟೆಡ್-ಬೈ’, ಪರಿಶೀಲಿಸಿದವರಿಗೆ ‘ರಿವ್ಯೂಡ್-ಬೈ’, ಜೊತೆಗೆ ಕೂತು ಬರೆದವರಿಗೆ ‘ಕೋ-ಡೆವಲಪ್ಡ್-ಬೈ’. ಎಲ್ಲಕ್ಕಿಂತ ಉಪಯುಕ್ತವಾದದ್ದು ‘ಫಿಕ್ಸಸ್’. ಈ ತಿದ್ದುಪಡಿ ಸರಿ ಮಾಡುತ್ತಿರುವ ದೋಷ ಮೊದಲು ಬಂದದ್ದು ಯಾವ ಕಮಿಟ್‌ನಿಂದ ಅಂತ ಅದರ ಗುರುತಿನ ಮೊದಲ 12 ಅಕ್ಷರ ಹಾಕಿ ಹೇಳುವ ಸಾಲು ಅದು. ಹಳೆಯ ಆವೃತ್ತಿಗಳನ್ನು ನೋಡಿಕೊಳ್ಳುವವರಿಗೆ ಈ ತಿದ್ದುಪಡಿ ತಮಗೆ ಬೇಕೋ ಬೇಡವೋ ಅಂತ ಅದರಿಂದ ತಿಳಿಯುತ್ತೆ.

ಕರ್ನಲ್‌ನ ಹೊಸ ಆವೃತ್ತಿ 9-10 ವಾರಕ್ಕೊಮ್ಮೆ ಬರುತ್ತೆ. ಪ್ರತಿ ಸಲವೂ ಸುಮಾರು 2,000 ಜನರ ಕೈವಾಡ ಇರುತ್ತೆ. ಅಷ್ಟು ಜನರಲ್ಲಿ ಯಾರು ಬರೆದರು, ಯಾರು ಪರೀಕ್ಷಿಸಿದರು, ಯಾರು ದೋಷ ತೋರಿಸಿಕೊಟ್ಟರು ಅಂತ ‘ಎಲ್‌ಡಬ್ಲ್ಯುಎನ್’ ಪತ್ರಿಕೆಯ ಜೊನಾಥನ್ ಕಾರ್ಬೆಟ್ ವರ್ಷಗಳಿಂದ ಲೆಕ್ಕ ಪ್ರಕಟಿಸುತ್ತಾ ಬಂದಿದ್ದಾರೆ. ಆ ಸಾಲುಗಳು ಇರುವುದರಿಂದಲೇ ಅದು ಸಾಧ್ಯ.

ವರ್ಡ್‌ಪ್ರೆಸ್‌ನವರದ್ದು ಇನ್ನೊಂದು ರೀತಿ. ಅಲ್ಲಿ ಮೂಲ ಕೋಡಿಗೆ ನೇರವಾಗಿ ಸೇರಿಸುವ ಅಧಿಕಾರ ಕೆಲವರಿಗೆ ಮಾತ್ರ. ಹಾಗಾಗಿ ಅವರು ಪ್ರತಿ ಸಂದೇಶದ ಕೊನೆಗೆ ‘ಪ್ರಾಪ್ಸ್’ ಅಂತ ಬರೆದು, ಆ ಟಿಕೆಟ್ಟಿಗೆ ಕೈ ಜೋಡಿಸಿದ ಎಲ್ಲರ ಹೆಸರು ಹಾಕ್ತಾರೆ. ಅದರ ಪಕ್ಕದಲ್ಲೇ ‘ಫಿಕ್ಸಸ್’ ಅಂತ ಟಿಕೆಟ್ ಸಂಖ್ಯೆ. ಆವೃತ್ತಿ ಹೊರಬಂದಾಗ ಆ ಹೆಸರುಗಳೆಲ್ಲ ಡ್ಯಾಶ್‌ಬೋರ್ಡಿನ ಕ್ರೆಡಿಟ್ಸ್ ಪುಟದಲ್ಲಿ ಕಾಣುತ್ತವೆ, ಸಿನಿಮಾ ಮುಗಿದ ಮೇಲೆ ಪರದೆ ಮೇಲೆ ಬರುವ ಹಾಗೆ.

ಹಾರ್ಟ್‌ಬ್ಲೀಡ್ ಕೊಟ್ಟ ಪಾಠ

2014ರ ಏಪ್ರಿಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷ ಇಂಟರ್ನೆಟ್ಟನ್ನೇ ಅಲ್ಲಾಡಿಸಿತ್ತು. ನಮ್ಮ ಬ್ಯಾಂಕ್, ಮೇಲ್ ಎಲ್ಲದರ ಗುಟ್ಟು ಕಾಯುವ ‘ಓಪನ್‌ಎಸ್‌ಎಸ್‌ಎಲ್’ ಎಂಬ ತಂತ್ರಾಂಶದಲ್ಲಿ ಒಂದು ಅಳತೆ ಪರೀಕ್ಷೆ ಬಿಟ್ಟುಹೋಗಿತ್ತು. ಅದರಿಂದ ಸರ್ವರ್‌ನ ನೆನಪಿನ 64 ಕಿಲೋಬೈಟ್‌ವರೆಗೆ ಯಾರು ಬೇಕಾದರೂ ಹೊರಗಿನಿಂದ ಓದಬಹುದಿತ್ತು, ಮತ್ತೆ ಮತ್ತೆ.

ಅದನ್ನು ಸರಿ ಮಾಡಿದ ಕಮಿಟ್ ಸೇರಿಸಿದ್ದು ಆ ಯೋಜನೆಯ ಸ್ಟೀಫನ್ ಹೆನ್ಸನ್. ಬ್ಲೇಮ್ ಮಾತ್ರ ನೋಡಿದರೆ ಕೆಲಸವೆಲ್ಲ ಅವರದ್ದೇ ಅನ್ನಬೇಕು. ಆದರೆ ಸಂದೇಶ ಓದಿದರೆ ಬೇರೆ ವಿಷಯ ಇದೆ. ದೋಷ ಕಂಡುಹಿಡಿದದ್ದು ಗೂಗಲ್‌ನ ನೀಲ್ ಮೆಹ್ತಾ, ತಿದ್ದುಪಡಿ ಸಿದ್ಧಪಡಿಸಿದ್ದು ಆ್ಯಡಮ್ ಲ್ಯಾಂಗ್ಲಿ ಮತ್ತು ಬೋಡೊ ಮೋಲರ್ ಅಂತ ಹೆನ್ಸನ್ ಅವರೇ ಕೃತಜ್ಞತೆಯ ಸಾಲಿನಲ್ಲಿ ಬರೆದಿದ್ದಾರೆ. ಫಿನ್ಲೆಂಡಿನ ಕೊಡೆನೊಮಿಕಾನ್ ಕಂಪನಿಯವರೂ ಅದೇ ದೋಷವನ್ನು ಪ್ರತ್ಯೇಕವಾಗಿ ಕಂಡುಹಿಡಿದಿದ್ದರು. ಟೂಲ್ ಒಂದು ಹೆಸರು ಹೇಳುತ್ತೆ, ಮನುಷ್ಯರು ಬರೆದ ಎರಡು ಸಾಲು ಉಳಿದವರ ಹೆಸರು ಹೇಳುತ್ತೆ. ಎರಡೂ ಬೇಕು.

ಅದೇ ಘಟನೆಯ ಇನ್ನೊಂದು ಮುಖವೂ ಇದೆ. ದೋಷ ಇದ್ದ ಕೋಡ್ ಬರೆದದ್ದು ಯಾರು ಅಂತಲೂ ಚರಿತ್ರೆಯಲ್ಲಿತ್ತು. ಜನ ಆ ಜರ್ಮನ್ ಡೆವಲಪರ್ ಹಿಂದೆ ಬಿದ್ದರು, ಬೇಕಂತಲೇ ಮಾಡಿದ್ದಾರೆ ಅಂತಲೂ ಆಡಿಕೊಂಡರು. ಅದು ಕಣ್ತಪ್ಪು, ರಿವ್ಯೂ ಮಾಡಿದವರ ಕಣ್ಣಿಗೂ ಬಿದ್ದಿರಲಿಲ್ಲ. ಎರಡು ವರ್ಷ ಜಗತ್ತಿನಲ್ಲಿ ಬೇರೆ ಯಾರೂ ಗಮನಿಸಿರಲಿಲ್ಲ. ಹೆಸರು ಹುಡುಕುವ ಟೂಲ್ ಕೈಗೆ ಸಿಕ್ಕ ತಕ್ಷಣ ನಾವು ಮೊದಲು ಹುಡುಕೋದು ಬೈಯೋಕೆ ಒಬ್ಬರನ್ನ, ಅಲ್ವಾ? ಆ ಆಜ್ಞೆಯ ಹೆಸರೇ ‘ಬ್ಲೇಮ್’. ಗಿಟ್‌ಗಿಂತ ಹಳೆಯದಾದ ‘ಸಬ್‌ವರ್ಷನ್’ನಲ್ಲಿ ಇದೇ ಕೆಲಸಕ್ಕೆ ಇನ್ನೊಂದು ಹೆಸರೂ ಇದೆ: ‘ಪ್ರೇಸ್’, ಅಂದರೆ ಹೊಗಳು. ಯಾವುದನ್ನು ಟೈಪ್ ಮಾಡಿದರೂ ಬರುವ ಉತ್ತರ ಒಂದೇ.

ಹೆಸರು ಕಳೆದುಹೋಗುವ ದಾರಿಗಳು

ಮೊದಲನೆಯದು ಸ್ಕ್ವಾಷ್, ಅದನ್ನು ನೋಡಿದೆವು. ಎರಡನೆಯದು ಇಮೇಲ್. ಕಾಲೇಜಿನ ಇಮೇಲಿನಿಂದ ಒಂದಿಷ್ಟು, ಆಫೀಸಿನ ಇಮೇಲಿನಿಂದ ಒಂದಿಷ್ಟು, ಮನೆಯ ಲ್ಯಾಪ್‌ಟಾಪಿನಿಂದ ಒಂದಿಷ್ಟು ಕಮಿಟ್ ಮಾಡಿದರೆ ಗಿಟ್ ಕಣ್ಣಿಗೆ ನೀವು ಮೂರು ಜನ. ವಚನ, ಕೀರ್ತನೆಗಳಲ್ಲಿ ಅಂಕಿತ ನೋಡಿ ಕವಿಯನ್ನು ಗುರುತಿಸ್ತೀವಲ್ಲ, ಇಲ್ಲಿ ಇಮೇಲೇ ಅಂಕಿತ. ಅಂಕಿತ ಬದಲಾಯಿಸುತ್ತಾ ಹೋದರೆ ಗುರುತು ಹಿಡಿಯೋದು ಕಷ್ಟ. ಈ ಮೂರು ಇಮೇಲೂ ಒಬ್ಬರದ್ದೇ ಅಂತ ‘ಮೇಲ್‌ಮ್ಯಾಪ್’ ಎಂಬ ಪುಟ್ಟ ಫೈಲಿನಲ್ಲಿ ಬರೆದಿಟ್ಟರೆ ಸರಿಹೋಗುತ್ತೆ.

ಮೂರನೆಯದು ‘ಅಲಂಕಾರ’. ಯಾರೋ ಒಬ್ಬರು ಇಡೀ ಕೋಡಿನ ಜಾಗ, ಆವರಣಚಿಹ್ನೆ ಎಲ್ಲ ಒಂದೇ ಸಮ ಮಾಡ್ತಾರೆ. ಆವತ್ತಿನಿಂದ ಪ್ರತಿ ಸಾಲಿಗೂ ಅವರದ್ದೇ ಹೆಸರು. ಮನೆಗೆ ಸುಣ್ಣ ಹೊಡೆದವರೇ ಮನೆ ಕಟ್ಟಿದವರಾದ ಹಾಗೆ. 2019ರ ಆಗಸ್ಟ್‌ನಲ್ಲಿ ಬಂದ ಗಿಟ್ 2.23ರಿಂದ ಇಂಥ ಕಮಿಟ್‌ಗಳನ್ನು ಬಿಟ್ಟು ಅದರ ಹಿಂದಿನವರನ್ನು ತೋರಿಸು ಅಂತ ಬ್ಲೇಮ್‌ಗೆ ಹೇಳಬಹುದು. ಕೋಡನ್ನು ಒಂದು ಫೈಲಿನಿಂದ ಇನ್ನೊಂದಕ್ಕೆ ಎತ್ತಿಟ್ಟಾಗಲೂ ಇದೇ ತೊಂದರೆ. ‘ಸಿ’ ಆಯ್ಕೆ ಕೊಟ್ಟರೆ ಮೂಲ ಜಾಗ ಹುಡುಕುತ್ತೆ.

ನಾಲ್ಕನೆಯದು ಇಬ್ಬರು ಸೇರಿ ಬರೆಯೋದು. ಕೀಬೋರ್ಡ್ ಒಬ್ಬರ ಕೈಯಲ್ಲಿ, ಯೋಚನೆ ಇಬ್ಬರದ್ದೂ. ಸಂದೇಶದ ಕೊನೆಗೆ ‘ಕೋ-ಆಥರ್ಡ್-ಬೈ’ ಅಂತ ಹಾಕಿದರೆ ಗಿಟ್‌ಹಬ್ 2018ರಿಂದ ಇಬ್ಬರ ಹೆಸರನ್ನೂ ತೋರಿಸುತ್ತಿದೆ.

ಐದನೆಯದು ನಮ್ಮ ಭಾಷೆಗೆ ಸಂಬಂಧಿಸಿದ್ದು. ಗ್ನೋಮ್, ಕೆಡಿಇ ತರಹದ ಮುಕ್ತ ತಂತ್ರಾಂಶಗಳಿಗೆ ಕನ್ನಡದ ಅನುವಾದ ಮಾಡಿದವರು ಹಲವರಿದ್ದಾರೆ, ಸಂಬಳ ಇಲ್ಲದೆ. ಅನುವಾದದ ಫೈಲಿನ ತಲೆಬರಹದಲ್ಲಿ ‘ಕೊನೆಯ ಅನುವಾದಕ’ ಅನ್ನುವ ಒಂದೇ ಜಾಗ ಇರುತ್ತೆ. ಸಾವಿರ ಸಾಲು ಅನುವಾದಿಸಿದವರ ನಂತರ ಇನ್ನೊಬ್ಬರು ಬಂದು ಒಂದು ಒತ್ತಕ್ಷರ ತಿದ್ದಿದರೂ ಆ ಜಾಗದಲ್ಲಿ ಇವರ ಹೆಸರು. ಹಳಬರ ಹೆಸರನ್ನು ಮೇಲೆ ಟಿಪ್ಪಣಿಯಲ್ಲಿ ಉಳಿಸಿಕೊಳ್ಳುವುದು ರೂಢಿ. ಆದರೆ ಯಾರಾದರೂ ಕೈಯಾರೆ ಉಳಿಸಿದರೆ ಮಾತ್ರ.

ಎಣಿಸೋಕೆ ಹೊರಟರೆ

‘ಹಾಗಾದ್ರೆ ಸುಲಭ, ಯಾರು ಎಷ್ಟು ಕಮಿಟ್ ಮಾಡಿದಾರೆ ಅಂತ ಎಣಿಸಿಬಿಡೋಣ’ ಅಂತ ಯಾವುದಾದರೂ ಮ್ಯಾನೇಜರ್ ಹೊರಟರೆ ದಯವಿಟ್ಟು ಅವರಿಗೆ ಈ ಪ್ರಸಂಗ ಹೇಳಿ. 1982ರಲ್ಲಿ ಆ್ಯಪಲ್‌ನ ಲೀಸಾ ಕಂಪ್ಯೂಟರ್ ತಯಾರಾಗುತ್ತಿದ್ದಾಗ, ವಾರಕ್ಕೆ ಎಷ್ಟು ಸಾಲು ಕೋಡ್ ಬರೆದಿರಿ ಅಂತ ಫಾರಂ ತುಂಬಿಸಿಕೊಳ್ಳುತ್ತಿದ್ದರು. ಬಿಲ್ ಅಟ್ಕಿನ್ಸನ್ ಎಂಬ ಪ್ರತಿಭಾವಂತ ಆ ವಾರ ಚಿತ್ರ ಬಿಡಿಸುವ ಭಾಗವನ್ನು ಹೊಸ ಉಪಾಯದಿಂದ ಮತ್ತೆ ಬರೆದು ಸುಮಾರು ಆರು ಪಟ್ಟು ವೇಗ ಮಾಡಿದ್ದರು. ಕೋಡ್ 2,000 ಸಾಲು ಕಡಿಮೆ ಆಗಿತ್ತು. ಫಾರಂನಲ್ಲಿ ‘-2000’ ಅಂತ ಬರೆದುಕೊಟ್ಟರು. ಕೆಲವು ವಾರಗಳ ನಂತರ ಅವರಿಂದ ಫಾರಂ ಕೇಳೋದನ್ನೇ ಬಿಟ್ಟರಂತೆ. ಸಹೋದ್ಯೋಗಿ ಆ್ಯಂಡಿ ಹರ್ಟ್ಸ್‌ಫೆಲ್ಡ್ ಇದನ್ನು ದಾಖಲಿಸಿದ್ದಾರೆ.

ನಮ್ಮ ಹುಡುಗಿಯದ್ದೂ 11 ಸಾಲು. ಎಣಿಸಿದರೆ 11, ಹುಡುಕಲು ಹಿಡಿದದ್ದು ನಾಲ್ಕು ರಾತ್ರಿ. ಯಾರು ಬರೆದರು ಅನ್ನೋದನ್ನು ಟೂಲ್ ಹೇಳಬಹುದು. ಅದರ ಬೆಲೆ ಎಷ್ಟು ಅಂತ ತಿಳಿಯೋಕೆ ಯಾರಾದರೂ ಕೂತು ಓದಲೇಬೇಕು. ಈಗ ಎಐ ಟೂಲ್‌ಗಳು ಕ್ಷಣದಲ್ಲಿ ನೂರು ಸಾಲು ಸುರಿಯುತ್ತಿರುವಾಗ ಈ ಮಾತು ಇನ್ನೂ ನಿಜ. ಸಾಲು ಯಾರೇ ಹುಟ್ಟಿಸಲಿ, ಕೆಳಗೆ ಹೆಸರು ಹಾಕಿದವರು ಅದನ್ನು ವಿವರಿಸೋಕೆ ಸಿದ್ಧ ಇರಬೇಕು.

ಕಲ್ಲಿನ ಮೇಲಿನ ಕಮಿಟ್

ಬೇಲೂರಿಗೆ ಎಲ್ಲರೂ ಹೋಗಿರ್ತೀರಿ. ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದ ಶಿಲ್ಪಗಳ ಕೆಳಗೆ ಕೆತ್ತಿದವರ ಹೆಸರುಗಳಿವೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಸೋಮನಾಥಪುರದಲ್ಲಿ ಮಲ್ಲಿತಮ್ಮ. ಹೊಯ್ಸಳರ ಕಾಲದ ಶಿಲ್ಪಿಗಳು ಹೆಸರು, ಊರು ಎಲ್ಲ ಕೊರೆದಿಟ್ಟರು. 900 ವರ್ಷದ ನಂತರ ಯಾವ ಮದನಿಕೆ ಯಾರ ಕೈಯದ್ದು ಅಂತ ವಿದ್ವಾಂಸರು ಹೇಳಬಲ್ಲರು ಅಂದರೆ ಆ ಒಂದೊಂದು ಸಾಲಿನಿಂದ.

ಆದರೆ ಊರಲ್ಲಿ ಯಾರನ್ನಾದರೂ ಕೇಳಿ, ಬೇಲೂರು ಕೆತ್ತಿದ್ದು ಯಾರು ಅಂತ. ಬರುವ ಉತ್ತರ ಜಕಣಾಚಾರಿ. ಬಹುಪಾಲು ಇತಿಹಾಸಕಾರರ ಪ್ರಕಾರ ಅದು ದಂತಕಥೆ. ದಾಖಲೆ ಕಲ್ಲಿನಲ್ಲೇ ಇದ್ದರೂ ಓದುವವರಿಲ್ಲದಿದ್ದರೆ ಬಾಯಿಂದ ಬಾಯಿಗೆ ಹೋದ ಹೆಸರೇ ನಿಲ್ಲುತ್ತೆ. ಆಫೀಸಿನಲ್ಲೂ ‘ಆ ಬಗ್ ಫಿಕ್ಸ್ ಮಾಡಿದ್ದು ಅವರಲ್ವಾ’ ಅನ್ನುವ ದಂತಕಥೆಗಳು ಹೀಗೇ ಹುಟ್ಟೋದು. ಹೆಸರು ಬರೆದಿಡೋದು ಅರ್ಧ ಕೆಲಸ. ಅಪ್ರೈಸಲ್ ದಿನ ಅದನ್ನು ತೆರೆದು ಓದೋದು ಉಳಿದರ್ಧ.

ನೀವು ಇವತ್ತೇ ಮಾಡಬಹುದಾದದ್ದು

ಹೊಸದಾಗಿ ಕೆಲಸಕ್ಕೆ ಸೇರಿದ್ದರೆ ಮೊದಲು ನಿಮ್ಮ ಗಿಟ್‌ನಲ್ಲಿ ಹೆಸರು, ಇಮೇಲ್ ಸರಿಯಾಗಿದೆಯಾ ನೋಡಿಕೊಳ್ಳಿ. ಪ್ರತಿ ಕಮಿಟ್ ಸಂದೇಶದಲ್ಲೂ ಟಿಕೆಟ್ ಸಂಖ್ಯೆ ಹಾಕಿ. ‘ಬಗ್ ಸರಿ ಮಾಡಿದೆ’ ಅಂತ ಬಿಡಬೇಡಿ, ಕಾರಣ ಏನಿತ್ತು ಅಂತ ನಾಲ್ಕು ಸಾಲು ಬರೆಯಿರಿ. ಎರಡು ವಾರಕ್ಕೊಮ್ಮೆ ನೀವು ಪರಿಹರಿಸಿದ್ದರ ಲಿಂಕುಗಳನ್ನು ಒಂದು ಕಡೆ ಸೇರಿಸಿಟ್ಟುಕೊಳ್ಳಿ. ಹೆಸರು ತಪ್ಪಾಗಿದ್ದು ಕಂಡರೆ ಎಂಟು ತಿಂಗಳು ಕಾಯಬೇಡಿ, ಅವತ್ತೇ ಮೆತ್ತಗೆ ಹೇಳಿ. ಅದು ದುರಹಂಕಾರ ಅಲ್ಲ.

ಲೀಡ್ ಆಗಿದ್ದರೆ, ಬೇರೆಯವರ ಕೆಲಸ ತರುವಾಗ ಸ್ಕ್ವಾಷ್ ಬದಲು ಚೆರಿ-ಪಿಕ್ ಬಳಸಿ. ಸ್ಕ್ವಾಷ್ ಮಾಡಲೇಬೇಕಾದರೆ ಕಮಿಟ್ ಆಜ್ಞೆಗೆ ‘ಆಥರ್’ ಆಯ್ಕೆ ಕೊಟ್ಟು ಬರೆದವರ ಹೆಸರು ಹಾಕಿ. ದೋಷ ತೋರಿಸಿದ ಟೆಸ್ಟರ್, ಮೊದಲು ದೂರು ಕೇಳಿಸಿಕೊಂಡ ಸಪೋರ್ಟ್‌ನವರು, ಇವರಿಗೂ ಒಂದು ಸಾಲು ಇರಲಿ. ಕೋಡ್ ಬರೆಯದವರ ಹೆಸರು ಗಿಟ್ ತಾನಾಗಿ ಎಲ್ಲೂ ಬರೆಯಲ್ಲ.

ಆ ಘಟನೆ ಆದ ಮೇಲೆ ನಮ್ಮ ಟೀಮಿನಲ್ಲಿ ಒಂದು ರೂಢಿ ಬಂತು. ಟಿಕೆಟ್ ಮುಚ್ಚುವ ಮುಂಚೆ ‘ಕಂಡುಹಿಡಿದವರು, ಬರೆದವರು, ಪರಿಶೀಲಿಸಿದವರು’ ಅಂತ ಮೂರು ಹೆಸರು ತುಂಬಬೇಕು, ಇಲ್ಲದಿದ್ದರೆ ಟೂಲ್ ಮುಚ್ಚಲು ಬಿಡಲ್ಲ. ಅದನ್ನು ಜಾರಿಗೆ ತಂದವರು ಅದೇ ಲೀಡ್. ತುಂಬೋಕೆ ಅರ್ಧ ನಿಮಿಷವೂ ಬೇಡ.